ಊರಲ್ಲಿ ಅಪ್ಪ-ಅಮ್ಮ, ಇಲ್ಲಿ ಸೆಕ್ಯುರಿಟಿ ಕ್ಲಿಯರೆನ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಪೌರತ್ವ ಸಿಕ್ಕ ಮೇಲೆ ನಮ್ಮವರಲ್ಲಿ ಕೆಲವರಿಗೆ ರಕ್ಷಣಾ ಇಲಾಖೆಯ ಗುತ್ತಿಗೆ ಕಂಪನಿಗಳಿಂದ ಕರೆ ಬರುತ್ತದೆ. ಮೇರಿಲ್ಯಾಂಡ್, ವರ್ಜೀನಿಯಾ ಕಡೆ ಇರುವವರಿಗಂತೂ ಇದು ಮಾಮೂಲು. ಸಂಬಳ ಚೆನ್ನಾಗಿದೆ, ಕೆಲಸವೂ ಇಷ್ಟವಾಗುತ್ತದೆ. ಕೊನೆಯಲ್ಲಿ ಒಂದು ಸಾಲು ಇರುತ್ತದೆ: ಸೆಕ್ಯುರಿಟಿ ಕ್ಲಿಯರೆನ್ಸ್ (ಸರಕಾರದ ಗುಟ್ಟಿನ ಕಾಗದಪತ್ರ ನೋಡುವ ಅನುಮತಿ) ಪಡೆಯಲು ಅರ್ಹರಾಗಿರಬೇಕು. ಅಲ್ಲಿಗೆ ಉತ್ಸಾಹ ಇಳಿದುಹೋಗುತ್ತದೆ. ಅಮ್ಮ ಮೈಸೂರಲ್ಲಿದ್ದಾರೆ, ಅಣ್ಣ ಬೆಂಗಳೂರಲ್ಲಿದ್ದಾನೆ, ನನಗೆಲ್ಲಿ ಕೊಡ್ತಾರೆ?

ನಾನು ಈ ದಾರಿಯಲ್ಲಿ ಒಮ್ಮೆ ಹೋಗಿ ಬಂದವನು. ಆಮೇಲೆ ಪರಿಚಯದವರು ಫಾರ್ಮ್ ತುಂಬುವಾಗ ಪಕ್ಕದಲ್ಲಿ ಕೂತಿದ್ದೇನೆ. ವಕೀಲ ಅಲ್ಲ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ, ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಕ್ಲಿಯರೆನ್ಸ್‌ಗೆ ನಾನೇ ಅರ್ಜಿ ಹಾಕಬಹುದಾ?

ಇಲ್ಲ. ಗುಟ್ಟಿನ ಕಾಗದಪತ್ರ ನೋಡಬೇಕಾದ ಕೆಲಸ ನಿಮಗೆ ಸಿಕ್ಕಿರಬೇಕು. ಆ ಕಂಪನಿ ಅಥವಾ ಇಲಾಖೆ ನಿಮ್ಮ ಹೆಸರು ಕಳಿಸಬೇಕು. ನಿಮ್ಮ ಜೇಬಿನಿಂದ ಒಂದು ಡಾಲರೂ ಖರ್ಚಿಲ್ಲ. ದುಡ್ಡು ಕೊಟ್ಟರೆ ಕ್ಲಿಯರೆನ್ಸ್ ಮಾಡಿಸಿಕೊಡ್ತೀವಿ ಅಂತ ಯಾರಾದರೂ ಹೇಳಿದರೆ ಅದು ಮೋಸ.

ಮಟ್ಟಗಳು ಮೂರು: ಕಾನ್ಫಿಡೆನ್ಷಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್. ರಕ್ಷಣಾ ಇಲಾಖೆ ಮತ್ತು ಅದರ ಗುತ್ತಿಗೆ ಕಂಪನಿಗಳವರ ಹಿನ್ನೆಲೆ ತನಿಖೆ ಮಾಡುವುದು ಡಿಸಿಎಸ್‌ಎ ಅನ್ನುವ ಸಂಸ್ಥೆ. 2019ರ ಅಕ್ಟೋಬರ್‌ನಿಂದ ಬೇರೆ ಫೆಡರಲ್ ಇಲಾಖೆಗಳ ಹೆಚ್ಚಿನ ತನಿಖೆಯೂ ಅದರ ಕೈಗೇ ಬಂದಿದೆ.

ಗ್ರೀನ್ ಕಾರ್ಡ್ ಇದ್ದರೆ ಸಾಲದಾ?

ಸಾಲದು. ಅಧ್ಯಕ್ಷ ಕ್ಲಿಂಟನ್ 1995ರಲ್ಲಿ ಹೊರಡಿಸಿದ 12968ನೇ ಆದೇಶದ ಪ್ರಕಾರ ಇದು ಅಮೆರಿಕದ ಪ್ರಜೆಗಳಿಗೆ ಮಾತ್ರ. ತೀರಾ ಅಪರೂಪಕ್ಕೆ, ಬೇರೆಲ್ಲೂ ಸಿಗದ ಪರಿಣತಿ ಇರುವ ವಿದೇಶಿಯರಿಗೆ ಸ್ವಲ್ಪ ಮಟ್ಟಿನ ಅನುಮತಿ ಕೊಡುವುದುಂಟು. ಅದನ್ನು ನಂಬಿ ಕೂರಬೇಡಿ. 'ಪಬ್ಲಿಕ್ ಟ್ರಸ್ಟ್' ಅನ್ನುವುದು, ಗುಟ್ಟಿನ ಕಾಗದ ಇಲ್ಲದಿದ್ದರೂ ನಂಬಿಕಸ್ಥರು ಬೇಕಾದ ಕೆಲಸಗಳಿಗೆ ಮಾಡುವ ಬೇರೆಯೇ ತನಿಖೆ, ಅದು ಕ್ಲಿಯರೆನ್ಸ್ ಅಲ್ಲ. ಅಂಥ ಕೆಲವು ಗುತ್ತಿಗೆ ಕೆಲಸಗಳಿಗೆ ಗ್ರೀನ್ ಕಾರ್ಡ್ ಇದ್ದವರನ್ನೂ ತೆಗೆದುಕೊಳ್ಳುತ್ತಾರೆ.

ಊರಲ್ಲಿ ಅಪ್ಪ-ಅಮ್ಮ ಇದ್ದರೆ ಸಿಗುವುದೇ ಇಲ್ಲ ಅಂತಾರಲ್ಲ?

ಹಾಗೆ ಹೇಳುವವರಲ್ಲಿ ಹೆಚ್ಚಿನವರು ಅರ್ಜಿಯನ್ನೇ ಹಾಕಿದವರಲ್ಲ.

ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅನ್ನುವುದಕ್ಕೆ 13 ಗೈಡ್‌ಲೈನ್‌ಗಳಿವೆ. ಎ-ಯಿಂದ ಎಂ-ವರೆಗೆ ಅಕ್ಷರ ಕೊಟ್ಟಿದ್ದಾರೆ. ಈಗಿನ ರೂಪ ಜಾರಿಗೆ ಬಂದದ್ದು 2017ರ ಜೂನ್ 8ರಂದು. ನಮ್ಮಂಥವರಿಗೆ ತಗಲುವುದು ಮುಖ್ಯವಾಗಿ ಗೈಡ್‌ಲೈನ್ ಬಿ, ಅಂದರೆ ವಿದೇಶದ ಪ್ರಭಾವ. ಅದರಲ್ಲಿ ಹೊರದೇಶದಲ್ಲಿ ನೆಂಟರಿದ್ದರೆ ಅನರ್ಹ ಅಂತ ಎಲ್ಲೂ ಬರೆದಿಲ್ಲ. ಆ ಸಂಬಂಧದಿಂದ ಒತ್ತಡ, ಬೆದರಿಕೆ, ಆಮಿಷದ ಅಪಾಯ ಜಾಸ್ತಿ ಆಗುತ್ತದೆಯೇ ಅನ್ನುವುದು ಪ್ರಶ್ನೆ.

ಯಾರೋ ಒಬ್ಬ ನಿಮ್ಮ ಅಮ್ಮನ ಮನೆ ಬಾಗಿಲಿಗೆ ಬಂದು, "ನಿಮ್ಮ ಮಗ ಅಮೆರಿಕದಲ್ಲಿ ಏನೋ ಕೆಲಸ ಮಾಡ್ತಾನಂತಲ್ಲ, ಅವನಿಂದ ಒಂದು ಕಾಗದ ತರಿಸಿಕೊಡಿ, ಇಲ್ಲದಿದ್ದರೆ ನಿಮ್ಮ ಪಿಂಚಣಿ ನಿಲ್ಲಿಸ್ತೀವಿ" ಅಂದ ಅಂದುಕೊಳ್ಳಿ. ಆಗ ನೀವೇನು ಮಾಡುತ್ತೀರಿ? ಇಡೀ ಗೈಡ್‌ಲೈನ್ ಬಿ ಹೆಣೆದಿರುವುದು ಈ ಒಂದು ಚಿತ್ರದ ಸುತ್ತ. ನಿಮ್ಮ ಅಮ್ಮ ಒಳ್ಳೆಯವರೋ ಕೆಟ್ಟವರೋ ಅನ್ನುವುದು ಅಲ್ಲಿ ಬರುವುದೇ ಇಲ್ಲ. ಅವರ ಮೇಲೆ ನಿಮಗಿರುವ ಪ್ರೀತಿಯನ್ನು ಬೇರೆ ಯಾರಾದರೂ ಹಿಡಿದು ಜಗ್ಗಬಹುದಾ ಅಂತ ನೋಡುತ್ತಾರೆ.

ಇನ್ನೊಂದು ಕಡೆ, ನಿಮ್ಮ ಪರವಾಗಿ ಏನೇನು ಎಣಿಕೆಗೆ ಬರುತ್ತದೆ ಅನ್ನುವುದನ್ನೂ ಅದೇ ಗೈಡ್‌ಲೈನ್ ಹೇಳುತ್ತದೆ. ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ, ಹೆಂಡತಿ ಮಕ್ಕಳು ಎಲ್ಲಿದ್ದಾರೆ, ಮನೆ ಎಲ್ಲಿ, ನಿಮ್ಮ ಬೇರು ಎಲ್ಲಿ ಇಳಿದಿದೆ. ಹದಿನೈದು ವರ್ಷ ಇಲ್ಲೇ ಇದ್ದು, ಮಕ್ಕಳು ಇಲ್ಲೇ ಸ್ಕೂಲಿಗೆ ಹೋಗುತ್ತಿದ್ದರೆ ಅದಕ್ಕೆ ತೂಕ ಇದೆ.

ಒಂದು ಮಾತು ಮಾತ್ರ ನೆನಪಿರಲಿ. ಸಂಶಯ ಉಳಿದರೆ ಅದರ ಲಾಭ ಅರ್ಜಿದಾರರಿಗೆ ಸಿಗುವುದಿಲ್ಲ, ದೇಶದ ಭದ್ರತೆಗೆ ಸಿಗುತ್ತದೆ. ಕ್ರಿಮಿನಲ್ ಕೇಸಿನ ಲೆಕ್ಕ ಇಲ್ಲಿ ತಲೆಕೆಳಗು.

ಭಾರತ ಅಮೆರಿಕದ ಸ್ನೇಹಿತ ತಾನೇ? ಚೀನಾ, ಇರಾನ್ ತರಹ ಅಲ್ಲವಲ್ಲ?

ಅದು ಅನುಕೂಲವೇ. 2016ರಲ್ಲಿ ಭಾರತವನ್ನು 'ಪ್ರಮುಖ ರಕ್ಷಣಾ ಪಾಲುದಾರ' ಅಂತ ಕರೆದರು. ಆಮೇಲೆ 2018ರಲ್ಲಿ ಕಾಮ್‌ಕಾಸಾ, 2020ರಲ್ಲಿ ಬೆಕಾ ಅನ್ನುವ ರಕ್ಷಣಾ ಒಪ್ಪಂದಗಳಾದವು. ದೇಶ ಯಾವುದು ಅನ್ನುವುದಕ್ಕೆ ನಿಜವಾಗಿಯೂ ಬೆಲೆ ಇದೆ. ಚೀನಾ, ರಷ್ಯಾ, ಇರಾನ್‌ನಲ್ಲಿ ಒಡಹುಟ್ಟಿದವರಿದ್ದರೆ ಸಮಾಧಾನ ಕೊಡುವುದು ಬಹಳ ಕಷ್ಟ.

ಹಾಗಂತ ಸ್ನೇಹಿತ ದೇಶ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿಕೊಳ್ಳುವುದಿಲ್ಲ. ಅಮೆರಿಕದ ನೌಕಾಪಡೆಯ ವಿಶ್ಲೇಷಕ ಜೊನಾಥನ್ ಪೊಲಾರ್ಡ್ 1985ರಲ್ಲಿ ಸಿಕ್ಕಿಬಿದ್ದದ್ದು ಇಸ್ರೇಲ್‌ಗೆ ಗುಟ್ಟು ಕೊಟ್ಟಿದ್ದಕ್ಕೆ. ಇಸ್ರೇಲ್‌ಗಿಂತ ಹತ್ತಿರದ ಸ್ನೇಹಿತ ಯಾರಿದ್ದಾರೆ? ಭಾರತದಲ್ಲಿ ನೆಂಟರಿರುವವರ ಅರ್ಜಿ ವಿಚಾರಣೆಗೆ ಹೋದಾಗಲೂ ಸರಕಾರದ ವಕೀಲರು ದೇಶದ ಪರಿಸ್ಥಿತಿಯ ಬಗ್ಗೆ ಒಂದಷ್ಟು ಕಾಗದ ಮುಂದಿಡುತ್ತಾರೆ. ಗಡಿ ಗಲಾಟೆ, ಭಯೋತ್ಪಾದಕರ ದಾಳಿ ಇಂಥವು. ಅದನ್ನು ಓದಿ ಬೇಸರ ಮಾಡಿಕೊಳ್ಳಬೇಡಿ, ನಿಮ್ಮೊಬ್ಬರಿಗೇ ಬರೆದದ್ದಲ್ಲ.

ಅಪ್ಪ ಎಚ್‌ಎಎಲ್‌ನಲ್ಲಿದ್ದು ನಿವೃತ್ತರು, ಅಣ್ಣ ಇಸ್ರೋದಲ್ಲಿದ್ದಾನೆ. ಕಥೆ ಮುಗಿಯಿತಾ?

ಮುಗಿಯಲಿಲ್ಲ, ಆದರೆ ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮವರಿಗೆ ಇದು ಸ್ವಲ್ಪ ಜಾಸ್ತಿಯೇ ಕಾಡುತ್ತದೆ. ಬೆಂಗಳೂರಿನ ಯಾವ ಕುಟುಂಬ ತೆಗೆದುಕೊಂಡರೂ ಎಚ್‌ಎಎಲ್, ಬಿಇಎಲ್, ಬಿಇಎಂಎಲ್, ಎನ್‌ಎಎಲ್, ಡಿಆರ್‌ಡಿಒ ಪ್ರಯೋಗಾಲಯ, ಇಸ್ರೋ, ಎಲ್ಲೋ ಒಂದು ಕಡೆ ಒಬ್ಬರಾದರೂ ಇರುತ್ತಾರೆ. ಕೊಡಗಿನವರಾದರೆ ಮನೆಯಲ್ಲೇ ಇಬ್ಬರು ಕರ್ನಲ್‌ಗಳು. ನಮಗೆ ಅದು ಹೆಮ್ಮೆ. ಇಲ್ಲಿನ ಫಾರ್ಮ್‌ಗೆ ಅದು 'ವಿದೇಶಿ ಸರಕಾರ, ಸೇನೆ, ರಕ್ಷಣಾ ಉದ್ಯಮದ ಜೊತೆ ಸಂಬಂಧ'.

1998ರ ಪೋಖ್ರಾನ್ ಪರೀಕ್ಷೆಯ ನಂತರ ಇವುಗಳಲ್ಲಿ ಹಲವು ಸಂಸ್ಥೆಗಳ ಹೆಸರು ಅಮೆರಿಕದ ರಫ್ತು ನಿರ್ಬಂಧದ ಪಟ್ಟಿಗೆ ಸೇರಿತ್ತು. 2011ರಲ್ಲಿ ಡಿಆರ್‌ಡಿಒ ಮತ್ತು ಇಸ್ರೋಗೆ ಸೇರಿದ ಕೆಲವು ಘಟಕಗಳನ್ನು ಪಟ್ಟಿಯಿಂದ ತೆಗೆದರು. ಗಾಳಿ ಈಗ ಬದಲಾಗಿದೆ, ನಿಜ. ಆದರೂ ನಿವೃತ್ತರಾಗಿ ಪಿಂಚಣಿ ತೆಗೆದುಕೊಳ್ಳುತ್ತಿರುವ ಗುಮಾಸ್ತರು ಬೇರೆ, ಇವತ್ತೂ ರೇಡಾರ್ ಮೇಲೆ ಕೆಲಸ ಮಾಡುತ್ತಿರುವ ವಿಜ್ಞಾನಿ ಬೇರೆ. ಎರಡನೆಯದಾದರೆ, ಅದರಲ್ಲೂ ನಿಮ್ಮ ಕೆಲಸವೂ ಅದೇ ವಿಷಯದ್ದಾದರೆ, ಪ್ರಶ್ನೆಗಳು ಬಂದೇ ಬರುತ್ತವೆ. ಅಣ್ಣನ ಹುದ್ದೆ ಏನು, ಅವನ ಜೊತೆ ಕೆಲಸದ ಮಾತು ಆಡುತ್ತೀರಾ, ನಿಮ್ಮ ಕೆಲಸ ಏನು ಅಂತ ಅವನಿಗೆ ಎಷ್ಟು ಗೊತ್ತು. ಉತ್ತರ ಮೊದಲೇ ಯೋಚಿಸಿಟ್ಟುಕೊಳ್ಳಿ.

ಊರಲ್ಲಿದ್ದಾಗ ನೀವೇ ಇಂಥ ಕಡೆ ಕೆಲಸ ಮಾಡಿದ್ದರೆ ಅದಕ್ಕೂ ಬೇರೆ ಪ್ರಶ್ನೆ ಇದೆ. ವಿದೇಶಿ ಸೇನೆಯಲ್ಲಷ್ಟೇ ಅಲ್ಲ, ಸರಕಾರಿ ಸಂಸ್ಥೆಯಲ್ಲಿ ಯಾವಾಗ ಕೆಲಸ ಮಾಡಿದ್ದರೂ ಹೇಳಬೇಕು.

ಫಾರ್ಮ್‌ನಲ್ಲಿ ಯಾರ್ಯಾರ ಹೆಸರು ಬರೆಯಬೇಕು? ನಮ್ಮ ಮನೆಯಲ್ಲಿ ನೂರು ಜನ ಇದ್ದಾರೆ.

ನೂರೂ ಬೇಡ. ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ನೋಡೋಣ.

ಫಾರ್ಮ್‌ನ ಹೆಸರು ಎಸ್‌ಎಫ್-86. ಅದರ 18ನೇ ವಿಭಾಗ ನೆಂಟರದ್ದು. ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳು, ಹೆಂಡತಿಯ ಅಥವಾ ಗಂಡನ ಅಪ್ಪ-ಅಮ್ಮ. ಮಲತಾಯಿ, ಮಲತಮ್ಮ ಇದ್ದರೆ ಅವರೂ. ತೀರಿಕೊಂಡವರನ್ನೂ ಬರೆಯಬೇಕು. ಗಂಡ ಅಥವಾ ಹೆಂಡತಿಗೆ 17ನೇ ವಿಭಾಗ ಬೇರೆ ಇದೆ.

ಅಜ್ಜ ಅಜ್ಜಿ ಈ ಪಟ್ಟಿಯಲ್ಲಿಲ್ಲ. ಚಿಕ್ಕಪ್ಪ, ದೊಡ್ಡಮ್ಮ, ಸೋದರತ್ತೆ ಇಲ್ಲ. ಭಾವ, ಮೈದುನ, ನಾದಿನಿ, ಷಡ್ಡಕ, ಓರಗಿತ್ತಿ ಯಾರೂ ಇಲ್ಲ. ಇವರ ಜೊತೆ ಕಳೆದ 7 ವರ್ಷದಲ್ಲಿ ಹತ್ತಿರದ ಅಥವಾ ನಿರಂತರ ಒಡನಾಟ ಇದ್ದರೆ ಅವರು 19ನೇ ವಿಭಾಗಕ್ಕೆ ಬರುತ್ತಾರೆ. ಅಲ್ಲಿ ಪ್ರೀತಿ, ಪ್ರಭಾವ, ಸಮಾನ ಆಸಕ್ತಿ, ಋಣ, ಹೀಗೆ ಯಾವುದೋ ಒಂದರಿಂದ ಕಟ್ಟಿಕೊಂಡಿದ್ದೀರಾ ಅನ್ನುವುದು ಅಳತೆ. ನಿಮ್ಮನ್ನು ಎತ್ತಿ ಆಡಿಸಿದ, ಇವತ್ತೂ ವಾರಕ್ಕೊಮ್ಮೆ ಮಾತಾಡುವ ಅಜ್ಜಿ ಅಲ್ಲಿಗೆ ಸೇರುತ್ತಾರೆ. ಮದುವೆಮನೆಯಲ್ಲಿ ಮಾತ್ರ ಸಿಗುವ ದೂರದ ಚಿಕ್ಕಪ್ಪ ಸೇರುವುದಿಲ್ಲ.

ನಮ್ಮ ಮಾತಿನದೇ ಒಂದು ತೊಡಕಿದೆ. ದೊಡ್ಡಪ್ಪನ ಮಗನನ್ನು ನಾವು ಅಣ್ಣ ಅಂತಲೇ ಕರೆಯುತ್ತೇವೆ. ಒಬ್ಬರು ಎಂಟು ಜನ 'ಬ್ರದರ್ಸ್' ಅಂತ ತುಂಬಿಸಿದ್ದರು. ನೋಡಿದರೆ ಒಡಹುಟ್ಟಿದವನು ಒಬ್ಬನೇ, ಉಳಿದವರೆಲ್ಲ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು. ಇನ್ನೊಬ್ಬರು ಸೋದರಮಾವನ ಮಗಳನ್ನೇ ಮದುವೆಯಾದವರು. ಮಾವ ಅಂದರೆ ಯಾವ ಮಾವ? ಫಾರ್ಮ್‌ಗೆ ಅವರು ಹೆಂಡತಿಯ ಅಪ್ಪ, ಅಷ್ಟೇ. 18ನೇ ವಿಭಾಗದಲ್ಲಿ ಒಂದು ಸಲ ಬರೆದರೆ ಆಯಿತು. ತನಿಖಾಧಿಕಾರಿಗೆ ಅರ್ಥ ಮಾಡಿಸಲು ಒಂದು ಹಾಳೆಯಲ್ಲಿ ವಂಶವೃಕ್ಷ ಬರೆದುಕೊಂಡು ಹೋದರಂತೆ.

ಅಮ್ಮನ ಹುಟ್ಟಿದ ದಿನವೇ ಸರಿಯಾಗಿ ಗೊತ್ತಿಲ್ಲ. ಅಪ್ಪನಿಗೆ ಸರ್‌ನೇಮ್ ಇಲ್ಲ. ಏನು ಮಾಡಲಿ?

ನಾನು ಅಮ್ಮನಿಗೆ ಫೋನ್ ಮಾಡಿ ಕೇಳಿದ್ದೆ. "ಗೌರಿ ಹಬ್ಬದ ಹಿಂದಿನ ದಿನ ಕಣೋ, ಆ ವರ್ಷ ಕೆರೆ ಕೋಡಿ ಬಿದ್ದಿತ್ತಂತೆ" ಅಂದರು. ಸ್ಕೂಲಿನ ದಾಖಲೆಯಲ್ಲಿ ಜೂನ್ 1. ಆ ಕಾಲದ ಅರ್ಧ ಕರ್ನಾಟಕ ಹುಟ್ಟಿದ್ದು ಜೂನ್ 1ಕ್ಕೇ, ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು. "ಅಮೆರಿಕದವರಿಗೆ ನನ್ನ ಹುಟ್ಟಿದ ದಿನ ಕಟ್ಕೊಂಡು ಏನಾಗಬೇಕು?" ಅಂತ ಬೇರೆ ಕೇಳಿದರು.

ಪಾಸ್‌ಪೋರ್ಟಿನಲ್ಲೋ ಆಧಾರ್‌ನಲ್ಲೋ ಇರುವ ದಿನಾಂಕ ಬರೆಯಿರಿ. ಅದು ಅಂದಾಜಿನದಾದರೆ ಪಕ್ಕದಲ್ಲಿ 'ಎಸ್ಟಿಮೇಟ್' ಅನ್ನುವ ಚೌಕ ಇದೆ, ಟಿಕ್ ಮಾಡಿ. ಕೆಳಗೆ ಟಿಪ್ಪಣಿಗೆ ಜಾಗ ಇದೆ, ದಾಖಲೆಯ ದಿನ ಮತ್ತು ನಿಜವಾದ ದಿನ ಬೇರೆ ಅಂತ ಒಂದು ಸಾಲು ಬರೆಯಿರಿ. ಹೆಸರಿನಲ್ಲಿ ಬರೀ ಇನಿಷಿಯಲ್ ಇದ್ದರೆ ಅದಕ್ಕೂ ಚೌಕ ಇದೆ. ಮದುವೆಗೆ ಮುಂಚೆ ಅಮ್ಮನ ಹೆಸರು ಬೇರೆ ಇದ್ದರೆ ಅದನ್ನೂ ಹಾಕಬೇಕು. ಅಂದಾಜು ತಪ್ಪಲ್ಲ. ಅಂದಾಜನ್ನು ಖಚಿತ ಅಂತ ಬರೆಯುವುದು ತಪ್ಪು.

ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ 64 ಜನ. ಎಲ್ಲರನ್ನೂ ಬರೆಯಬೇಕಾ?

ಬೇಡ. ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ ಕಳಿಸುವವರೆಲ್ಲ 'ಹತ್ತಿರದ ಒಡನಾಟ' ಅಲ್ಲ. ಅದರಲ್ಲಿ ಯಾರ ಜೊತೆ ಬೇರೆಯಾಗಿ ಮಾತಾಡುತ್ತೀರಿ, ಯಾರಿಗೆ ಕಷ್ಟ ಬಂದರೆ ನಿಮಗೆ ನಿದ್ದೆ ಬರುವುದಿಲ್ಲ, ಅವರನ್ನು ಯೋಚಿಸಿ. ಗಡಿಯಲ್ಲಿ ನಿಂತ ಹೆಸರುಗಳಿದ್ದರೆ ಬರೆದುಬಿಡುವುದೇ ವಾಸಿ. ಜಾಸ್ತಿ ಬರೆದು ತೊಂದರೆಗೆ ಸಿಕ್ಕವರನ್ನು ನಾನು ನೋಡಿಲ್ಲ.

ಮನೆಗೆ ತಿಂಗಳು ತಿಂಗಳು ದುಡ್ಡು ಕಳಿಸುತ್ತೇನೆ. ಅದು ತಪ್ಪಾ?

ತಪ್ಪಲ್ಲ, ಮುಚ್ಚಿಡಬಾರದು ಅಷ್ಟೇ. ಯಾವುದೇ ವಿದೇಶಿ ಪ್ರಜೆಗೆ ಯಾವಾಗಾದರೂ ಹಣದ ನೆರವು ಕೊಟ್ಟಿದ್ದೀರಾ ಅಂತ ಫಾರ್ಮ್ ಕೇಳುತ್ತದೆ. ಅಪ್ಪ-ಅಮ್ಮನ ಖರ್ಚು, ತಂಗಿಯ ಮದುವೆಗೆ ಕೊಟ್ಟದ್ದು ಎಲ್ಲರಿಗೂ ನೆನಪಾಗುತ್ತದೆ. ನನಗೆ ಮರೆತೇ ಹೋಗಿದ್ದು ಬೇರೆ: ಅಮ್ಮನ ಮನೆಗೆ ಕೆಲಸಕ್ಕೆ ಬರುವವರ ಮಗಳಿಗೆ ಎರಡು ವರ್ಷ ಕಾಲೇಜು ಫೀಸ್ ಕಟ್ಟಿದ್ದೆ. ಅವಳೂ ವಿದೇಶಿ ಪ್ರಜೆಯೇ! ಬ್ಯಾಂಕಿನ ಹಳೆಯ ಸ್ಟೇಟ್‌ಮೆಂಟ್ ನೋಡುವಾಗ ಕಣ್ಣಿಗೆ ಬಿತ್ತು, ಸೇರಿಸಿದೆ.

ಊರಲ್ಲಿ ಸೈಟು, ಎಫ್‌ಡಿ, ಎಲ್‌ಐಸಿ ಇದೆ. ಮಾರಿಬಿಡಲಾ?

ಅವಸರ ಬೇಡ. ಊರಿನ ಆಸ್ತಿಯನ್ನು ಇಲ್ಲಿನ ಆಸ್ತಿಯ ಪಕ್ಕದಲ್ಲಿಟ್ಟು ನೋಡುತ್ತಾರೆ. ಇಲ್ಲಿ ಮನೆ, ರಿಟೈರ್‌ಮೆಂಟ್ ಖಾತೆ ಎಲ್ಲ ಇದ್ದು, ಅಲ್ಲಿ ಒಂದು 30-40ರ ಸೈಟು ಇದ್ದರೆ ಅದನ್ನು ತೋರಿಸಿ ನಿಮ್ಮನ್ನು ಹೆದರಿಸಲು ಆಗುವುದಿಲ್ಲ ಅಂತ ವಾದಿಸಬಹುದು. ಎಲ್ಲ ದುಡ್ಡನ್ನೂ ಊರಲ್ಲೇ ಹಾಕಿದ್ದರೆ ಮಾತು ಬೇರೆ.

ಮರೆತುಹೋಗುವ ಆಸ್ತಿ ಒಂದಿದೆ: ಪಿತ್ರಾರ್ಜಿತ. ಹಾಸನದ ಹತ್ತಿರ ಅಜ್ಜನ ಎರಡು ಎಕರೆ ತೋಟ, ಪಹಣಿ ಇನ್ನೂ ಜಂಟಿಯಾಗಿದೆ, ಭಾಗ ಆಗಿಲ್ಲ. "ಅದರಲ್ಲಿ ನನಗೇನೂ ಇಲ್ಲ" ಅಂತ ನೀವು ಅಂದುಕೊಂಡಿರುತ್ತೀರಿ. ಕಾನೂನು ಹಾಗನ್ನುವುದಿಲ್ಲ. ಹೆಣ್ಣುಮಕ್ಕಳಿಗೂ ಅಷ್ಟೇ. ಕರ್ನಾಟಕದಲ್ಲಿ 1994ರಲ್ಲೇ ತಿದ್ದುಪಡಿ ಬಂತು, 2005ರಲ್ಲಿ ಇಡೀ ದೇಶಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆ ಬದಲಾಗಿ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಪಾಲುದಾರರಾದರು. ಮುಂದೆ ಆಸ್ತಿ ಬರುವ ನಿರೀಕ್ಷೆ ಇದೆಯಾ ಅನ್ನುವುದನ್ನೂ ಫಾರ್ಮ್ ಬಿಡುವುದಿಲ್ಲ. ಅಣ್ಣನಿಗೆ ಫೋನ್ ಮಾಡಿ ಪಹಣಿಯಲ್ಲಿ ಯಾರ ಹೆಸರಿದೆ ಅಂತ ಕೇಳಿ. ಈಗ ಭಾಗ ಕೇಳೋಕೆ ಬಂದ ಅಂತ ಅವನು ತಪ್ಪು ತಿಳಿಯಬಹುದು, ಮೊದಲೇ ಕಾರಣ ಹೇಳಿಬಿಡಿ.

ಅಮ್ಮನ ಜೊತೆಗಿನ ಜಂಟಿ ಖಾತೆಯೂ ನಿಮ್ಮದೇ. ಊರಿನ ಎಲ್ಲ ಖಾತೆಗಳೂ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದ್ದರೆ ಎಫ್‌ಬಾರ್ ಅನ್ನುವ ವಿದೇಶಿ ಖಾತೆಗಳ ವರದಿ ಸಲ್ಲಿಸಬೇಕು. ಸಲ್ಲಿಸದೇ ಇದ್ದರೆ ಅದು ಬೇರೆಯೇ ತಲೆನೋವು. ಫಾರ್ಮ್ ತುಂಬುವ ಮೊದಲು ತೆರಿಗೆಯವರ ಹತ್ತಿರ ಮಾತಾಡಿ.

ಒಸಿಐ ಕಾರ್ಡ್ ವಾಪಸ್ ಕೊಡಬೇಕಾ?

ಕೊಡಬೇಕಾಗಿಲ್ಲ. 'ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ' ಅಂತ ಹೆಸರಲ್ಲಿ 'ಸಿಟಿಜನ್' ಇದೆ, ಆದರೆ ಭಾರತ ಎರಡು ಪೌರತ್ವ ಕೊಡುವುದಿಲ್ಲ. ಒಸಿಐ ಇದ್ದವರು ವೋಟು ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಇದನ್ನು ತನಿಖಾಧಿಕಾರಿಗೆ ಎರಡು ವಾಕ್ಯದಲ್ಲಿ ವಿವರಿಸಲು ತಯಾರಾಗಿರಿ, ಕೆಲವರಿಗೆ ಗೊತ್ತಿರುವುದಿಲ್ಲ. ಬೇರೆ ದೇಶ ಕೊಟ್ಟ ಪಾಸ್‌ಪೋರ್ಟ್ ಅಥವಾ ಗುರುತಿನ ಚೀಟಿಯನ್ನು ಕೇಳಿದಾಗ ಹೇಳದೇ ಇರುವುದು ಗೈಡ್‌ಲೈನ್ ಸಿ, ಅಂದರೆ ಬೇರೆ ದೇಶದ ಕಡೆ ಒಲವು, ಇದರ ಕೆಳಗೆ ಬರುತ್ತದೆ, ಹಾಗಾಗಿ ಕಾರ್ಡ್ ವಿಷಯ ಹೇಳಿಬಿಡಿ. ಹಳೆಯ ಭಾರತದ ಪಾಸ್‌ಪೋರ್ಟನ್ನು ರದ್ದು ಮಾಡಿಸಿದ ಸರೆಂಡರ್ ಸರ್ಟಿಫಿಕೇಟ್ ಹುಡುಕಿ ಇಟ್ಟುಕೊಳ್ಳಿ.

ಪೌರತ್ವ ಬರುವ ಮೊದಲು ಊರಲ್ಲಿ ವೋಟು ಹಾಕಿದ್ದೆ. ಅದೂ ಹೇಳಬೇಕಾ?

ಹೌದು. 'ಯಾವಾಗಾದರೂ' ಅಂತಲೇ ಪ್ರಶ್ನೆ ಇರುವುದು. ಆಗ ನೀವು ಭಾರತದ ಪ್ರಜೆ, ವೋಟು ಹಾಕಿದ್ದರಲ್ಲಿ ತಪ್ಪೇನೂ ಇಲ್ಲ. ಇಲ್ಲಿನ ಪೌರತ್ವ ಬಂದ ಮೇಲೆ ಮತದಾರರ ಪಟ್ಟಿಯಲ್ಲಿ ಹೆಸರು ಉಳಿದಿತ್ತು ಅಂತ ಹೋಗಿ ಹಾಕಿದ್ದರೆ ಮಾತ್ರ ತೊಂದರೆ, ಅದೂ ಎರಡೂ ದೇಶದಲ್ಲಿ.

ಊರಿನ ಹುಡುಗಿ ಜೊತೆ ಮದುವೆ ಗೊತ್ತಾಗಿದೆ. ಕ್ಲಿಯರೆನ್ಸ್ ಹೋಗುತ್ತಾ?

ಹೆಂಡತಿ ವಿದೇಶಿ ಪ್ರಜೆ ಅಂದ ಮಾತ್ರಕ್ಕೆ ಹೋಗುವುದಿಲ್ಲ. ಆದರೆ ನಿಮ್ಮ ಕಂಪನಿಯ ಸೆಕ್ಯುರಿಟಿ ಆಫೀಸರ್‌ಗೆ ತಿಳಿಸಬೇಕು. ಮದುವೆಯ ದಿನ ತನಕ ಕಾಯಬೇಡಿ, ಮಾತುಕತೆ ಗಟ್ಟಿಯಾಗಿ ಹುಡುಗಿಯ ಜೊತೆ ದಿನಾ ಮಾತಾಡಲು ಶುರು ಮಾಡಿದರೆ ಆಗಲೇ ಅದು ಹತ್ತಿರದ ವಿದೇಶಿ ಸಂಪರ್ಕ. ಇನ್ನೊಂದು ವಿಷಯ: ಹೆಂಡತಿಯ ತವರಿನವರ ಮೇಲೂ ನಿಮಗೆ ಪ್ರೀತಿ, ಋಣ ಇದೆ ಅಂತಲೇ, ಕ್ಲಿಯರೆನ್ಸ್ ಕೇಸುಗಳ ಅಪೀಲು ಕೇಳುವ ಮೇಲ್ಮನವಿ ಮಂಡಳಿ ಹಿಡಿಯುತ್ತದೆ. ಇಲ್ಲ ಅನ್ನುವುದಾದರೆ ನೀವೇ ತೋರಿಸಬೇಕು. ಅತ್ತೆ-ಮಾವನ ಜೊತೆ ಮಾತೇ ಇಲ್ಲ ಅಂತ ಸಾಬೀತು ಮಾಡಲು ಹೊರಟವರೂ ಇದ್ದಾರೆ. ಮನೆಯಲ್ಲಿ ಅದು ಹೇಗೆ ನಡೆಯಿತೋ!

ಅಪ್ಪ-ಅಮ್ಮ ಬಂದು ಆರು ತಿಂಗಳು ಇರುತ್ತಾರೆ. ಹೇಳಬೇಕಾ?

ಟಾಪ್ ಸೀಕ್ರೆಟ್ ಮಟ್ಟದವರು, ತಮ್ಮ ಮನೆಯಲ್ಲಿ ವಿದೇಶಿ ಪ್ರಜೆ ಯಾರಾದರೂ 30 ದಿನಕ್ಕಿಂತ ಜಾಸ್ತಿ ಇದ್ದರೆ, ತಿಳಿಸಬೇಕು. ಸೀಕ್ರೆಟ್ ಮಟ್ಟದಲ್ಲಿದ್ದರೂ ಒಂದು ಇಮೇಲ್ ಹಾಕಿಬಿಡಿ ಅಂತ ನಾನು ಹೇಳುತ್ತೇನೆ. ಐದು ನಿಮಿಷದ ಕೆಲಸ.

ಊರಿಗೆ ಹೋಗಬೇಕಾದರೆ ಅನುಮತಿ ಬೇಕಾ?

ಮೊದಲೇ ತಿಳಿಸಬೇಕು. 2017ರ ಜೂನ್‌ನಲ್ಲಿ ಜಾರಿಗೆ ಬಂದ, ಕ್ಲಿಯರೆನ್ಸ್ ಇರುವವರು ಏನೇನು ತಿಳಿಸಬೇಕು ಅಂತ ಹೇಳುವ ಸೀಡ್-3 ಅನ್ನುವ ನಿರ್ದೇಶನದ ನಿಯಮ ಇದು. ಗುತ್ತಿಗೆ ಕಂಪನಿಗಳವರಿಗೆ ಪ್ರವಾಸದ ವರದಿ 2022ರ ಆಗಸ್ಟ್‌ನಿಂದ ಕಡ್ಡಾಯವಾಯಿತು. ಎಲ್ಲಿ ಹೋಗುತ್ತೀರಿ, ಯಾವ ದಿನ, ಯಾರ ಮನೆಯಲ್ಲಿ ಇರುತ್ತೀರಿ ಇಷ್ಟು ಕೇಳುತ್ತಾರೆ.

ಎಲ್ಲರಿಗೂ ಹೆದರಿಕೆ ಇರುವುದು ರಾತ್ರಿ ಎರಡು ಗಂಟೆಯ ಫೋನಿನ ಬಗ್ಗೆ. ಅಪ್ಪ ಆಸ್ಪತ್ರೆಗೆ ಸೇರಿದ್ದಾರೆ, ಇಲ್ಲಾ ಹೋಗಿಯೇಬಿಟ್ಟಿದ್ದಾರೆ. ಆಗ ಫಾರ್ಮ್ ತುಂಬುತ್ತಾ ಕೂರಬೇಕಿಲ್ಲ. ಆದರೆ ವಿಮಾನ ಹತ್ತುವ ಮೊದಲು ಮ್ಯಾನೇಜರ್‌ಗೆ ಬಾಯಿಮಾತಿನಲ್ಲಿ ಹೇಳಿ. ವಾಪಸ್ ಬಂದ 5 ಕೆಲಸದ ದಿನಗಳ ಒಳಗೆ ಪೂರ್ತಿ ವರದಿ ಕೊಡಿ. ಸೆಕ್ಯುರಿಟಿ ಆಫೀಸರ್ ನಂಬರ್ ಈಗಲೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಹೋಗುವಾಗ ಬರುವಾಗ ಅಮೆರಿಕದ ಪಾಸ್‌ಪೋರ್ಟನ್ನೇ ಬಳಸಬೇಕು.

ಕ್ಲಿಯರೆನ್ಸ್ ಬರುವ ತನಕ ಅಮ್ಮನಿಗೆ ಫೋನ್ ಮಾಡುವುದು ಕಡಿಮೆ ಮಾಡಲಾ?

ಬೇಡ, ದಯವಿಟ್ಟು ಬೇಡ. ಇದನ್ನು ಕೇಳಿದವರು ಒಬ್ಬಿಬ್ಬರಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಮಕ್ಕಳು ತಾಯಿಯನ್ನು ಪ್ರೀತಿಸುತ್ತಾರೆ ಅಂತ ಹಿಡಿದುಕೊಂಡೇ ಅವರು ಲೆಕ್ಕ ಹಾಕುವುದು. ವಾರಕ್ಕೆ ಮೂರು ಸಲ ಮಾತಾಡುವುದನ್ನು ತಿಂಗಳಿಗೊಮ್ಮೆ ಮಾಡಿದರೆ ಆ ಪ್ರೀತಿ ಕಡಿಮೆಯಾಯಿತು ಅಂತ ಯಾರೂ ನಂಬುವುದಿಲ್ಲ. 'ಅಪರೂಪದ ಸಂಪರ್ಕ' ಅನ್ನುವ ವಿನಾಯಿತಿ ದೂರದ ನೆಂಟರಿಗೆ ಸರಿ, ತಾಯಿಗೆ ಹೊಂದುವುದಿಲ್ಲ. ನೀವು ಹೇಳಬೇಕಾದದ್ದು ಇಷ್ಟೇ: ಅಮ್ಮ ಅಲ್ಲಿದ್ದಾರೆ, ದಿನಾ ಮಾತಾಡುತ್ತೇನೆ, ನನ್ನ ಕೆಲಸದ ವಿಷಯ ಅವರಿಗೆ ಗೊತ್ತಿಲ್ಲ, ಯಾರಾದರೂ ಅವರ ಮೂಲಕ ಒತ್ತಡ ತಂದರೆ ಮೊದಲು ಸೆಕ್ಯುರಿಟಿ ಆಫೀಸರ್‌ಗೆ ಹೇಳುತ್ತೇನೆ.

ಒಂದು ಹೆಸರು ಬಿಟ್ಟರೆ ಏನಾಗುತ್ತದೆ?

ನೆಂಟರು ಇದ್ದದ್ದು ಗೈಡ್‌ಲೈನ್ ಬಿ. ಅವರನ್ನು ಮುಚ್ಚಿಟ್ಟರೆ ಗೈಡ್‌ಲೈನ್ ಇ, ಅಂದರೆ ನಡತೆ. ಮೊದಲನೆಯದಕ್ಕೆ ಸಮಾಧಾನ ಹೇಳಬಹುದು, ಎರಡನೆಯದು ಹಿಡಿದರೆ ಬಿಡುವುದು ಕಷ್ಟ. ಬೇಕಂತಲೇ ಸುಳ್ಳು ಬರೆದರೆ 5 ವರ್ಷದವರೆಗೆ ಜೈಲು ಶಿಕ್ಷೆ ಕೊಡುವ ಕಾನೂನೂ ಇದೆ. ನಿಜಕ್ಕೂ ಮರೆತಿದ್ದರೆ, ನೆನಪಾದ ದಿನವೇ, ಅವರು ಎತ್ತಿ ತೋರಿಸುವ ಮೊದಲೇ ನೀವಾಗಿ ಹೇಳಿ. ನೀವಾಗಿ ಬೇಗ ತಿದ್ದಿಕೊಂಡರೆ ಅದು ನಿಮ್ಮ ಪರವಾಗಿ ಎಣಿಕೆಗೆ ಬರುತ್ತದೆ.

ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೆ?

ಫಾರ್ಮ್‌ನಲ್ಲಿ ಬರೆದದ್ದನ್ನೇ. ನನ್ನನ್ನು ಮಾತಾಡಿಸಿದ್ದು ಹಳದಿ ಕಾಗದದ ಪ್ಯಾಡ್ ಹಿಡಿದುಕೊಂಡು ಬಂದ ವಯಸ್ಸಾದ ಒಬ್ಬರು. ನನ್ನ ಅಮ್ಮನ ಹೆಸರು ಉಚ್ಚರಿಸಲು ಮೂರು ಸಲ ಪ್ರಯತ್ನಪಟ್ಟರು. ಎಷ್ಟು ದಿನಕ್ಕೊಮ್ಮೆ ಮಾತು, ಫೋನೋ ವಿಡಿಯೋನೋ, ಕೊನೆಯ ಸಲ ಯಾವಾಗ ನೋಡಿದ್ದು, ಸರಕಾರದ ಜೊತೆ ಅವರಿಗೆ ಸಂಬಂಧ ಇದೆಯಾ. ಪ್ರತಿಯೊಬ್ಬ ನೆಂಟರಿಗೂ ಅದೇ ನಾಲ್ಕು ಪ್ರಶ್ನೆ. ಬೇಸರ ಬರುತ್ತದೆ, ಹೆದರಿಕೆ ಬರುವಂಥದ್ದಲ್ಲ.

'ಸ್ಟೇಟ್‌ಮೆಂಟ್ ಆಫ್ ರೀಸನ್ಸ್' ಬಂದಿದೆ. ಅದರಲ್ಲಿ ಅಮ್ಮನ ಮೇಲೆ ಆರೋಪ ಇದೆ!

ನಿಮಗೆ ಕ್ಲಿಯರೆನ್ಸ್ ಕೊಡಲು ಯಾಕೆ ಹಿಂಜರಿಯುತ್ತಿದ್ದೇವೆ ಅಂತ ಕಾರಣ ಪಟ್ಟಿ ಮಾಡಿ ಕಳಿಸುವ ಪತ್ರ ಅದು. ಆರೋಪ ಅಲ್ಲ, ಓದಿದರೆ ಹಾಗನ್ನಿಸುತ್ತದೆ ಅಷ್ಟೇ. '1.ಎ. ನಿಮ್ಮ ತಾಯಿ ಭಾರತದ ಪ್ರಜೆ ಮತ್ತು ನಿವಾಸಿ. 1.ಬಿ. ನಿಮ್ಮ ಸಹೋದರ ಭಾರತದ ಪ್ರಜೆ ಮತ್ತು ನಿವಾಸಿ.' ಹೀಗೆ ಸಾಲು ಸಾಲಾಗಿ ಇರುತ್ತದೆ. ಪ್ರತಿ ಸಾಲಿಗೂ ಒಪ್ಪುತ್ತೇನೆ, ಇಲ್ಲವೇ ಒಪ್ಪುವುದಿಲ್ಲ ಅಂತ ಬರೆಯಬೇಕು. ತಾಯಿ ಇರುವುದನ್ನು 'ಒಪ್ಪುತ್ತೇನೆ' ಅಂತ ಸಹಿ ಹಾಕುವಾಗ ಒಬ್ಬರ ಕೈ ನಡುಗಿದ್ದನ್ನು ನೋಡಿದ್ದೇನೆ.

ಗುತ್ತಿಗೆ ಕಂಪನಿಯವರಾದರೆ ಉತ್ತರಕ್ಕೆ 20 ದಿನ ಸಮಯ. ಬರೀ 'ಒಪ್ಪುತ್ತೇನೆ' ಅಂತ ನಿಲ್ಲಿಸಬೇಡಿ, ಪಕ್ಕದಲ್ಲಿ ವಿವರಣೆ ಬರೆಯಿರಿ. ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳಬಹುದು, ಇಲ್ಲಾ ಕಾಗದದ ಮೇಲೇ ತೀರ್ಮಾನ ಮಾಡಿ ಅನ್ನಬಹುದು. ವಿಚಾರಣೆ ಕೇಳಿ ಅನ್ನುವುದು ನನ್ನ ಅಭಿಪ್ರಾಯ. ಕಾಗದದಲ್ಲಿ ನೀವು ಬರೀ ಭಾರತದ ನೆಂಟರ ಪಟ್ಟಿ. ಎದುರಿಗೆ ಕೂತರೆ ಇಪ್ಪತ್ತು ವರ್ಷದಿಂದ ಇಲ್ಲಿ ತೆರಿಗೆ ಕಟ್ಟಿದ, ಮಗಳ ಸಾಕರ್ ಆಟಕ್ಕೆ ಕಿತ್ತಳೆ ಹಣ್ಣು ಹೆಚ್ಚಿಕೊಂಡು ಹೋಗುವ ಮನುಷ್ಯ. ಇದನ್ನೆಲ್ಲ ನಡೆಸುವುದು ರಕ್ಷಣಾ ಇಲಾಖೆಯ ಡೋಹಾ ಅನ್ನುವ ವಿಚಾರಣಾ ಕಚೇರಿ, ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿದೆ. ಅದರ ತೀರ್ಪುಗಳನ್ನು ಹೆಸರು ತೆಗೆದು ಅಂತರ್ಜಾಲದಲ್ಲಿ ಹಾಕಿರುತ್ತಾರೆ. ಭಾರತದ ಹತ್ತು ತೀರ್ಪು ಓದಿದರೆ ಯಾವ ವಾದ ನಿಲ್ಲುತ್ತದೆ, ಯಾವುದು ಬೀಳುತ್ತದೆ ಅಂತ ತಿಳಿಯುತ್ತದೆ. ಈ ಹಂತಕ್ಕೆ ಬಂದ ಮೇಲೆ ವಕೀಲರಿಗೆ ದುಡ್ಡು ಕೊಡುವುದು ದಂಡ ಅಲ್ಲ.

ಅಲ್ಲೂ ಸೋತರೆ? ಕೋರ್ಟಿಗೆ ಹೋಗಬಹುದಾ?

15 ದಿನದೊಳಗೆ ಡೋಹಾದ ಮೇಲ್ಮನವಿ ಮಂಡಳಿಗೆ ಹೋಗಬಹುದು. ಅಲ್ಲಿ ಹೊಸ ಸಾಕ್ಷಿ ತೆಗೆದುಕೊಳ್ಳುವುದಿಲ್ಲ. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲಿ ಈಗನ್ ಕೇಸಿನಲ್ಲಿ ಹೇಳಿಬಿಟ್ಟಿದೆ, ಹಾಗಾಗಿ ತೀರ್ಮಾನ ಸರಿಯೋ ತಪ್ಪೋ ಅಂತ ಕೋರ್ಟುಗಳು ನೋಡುವುದಿಲ್ಲ. ಒಂದು ವರ್ಷ ಬಿಟ್ಟು ಮತ್ತೆ ಪ್ರಯತ್ನಿಸಬಹುದು.

ಮಗಳು ಇಲ್ಲೇ ಹುಟ್ಟಿದವಳು. ಅವಳಿಗೂ ಇದೆಲ್ಲ ಇದೆಯಾ?

ಬಹಳ ಕಡಿಮೆ. ನೀವು ಇಲ್ಲಿನ ಪ್ರಜೆಯಾಗಿದ್ದರೆ ನಿಮ್ಮ ಪೌರತ್ವದ ಸರ್ಟಿಫಿಕೇಟ್ ನಂಬರ್ ಅವಳಿಗೆ ಬೇಕಾಗುತ್ತದೆ. ಪೆಟ್ಟಿಗೆ ಹುಡುಕಿಡಿ. ಅಜ್ಜಿ ತಾತನ ಜೊತೆ ಒಡನಾಟ ಇದ್ದರೆ 19ನೇ ವಿಭಾಗ. ಚಿಕ್ಕವಳಿದ್ದಾಗ ನೀವು ಮಾಡಿಸಿದ ಒಸಿಐ ಕಾರ್ಡ್ ಅವಳಿಗೆ ನೆನಪೇ ಇರುವುದಿಲ್ಲ, ಹೇಳಿ.

ತುಂಬಿದ ಫಾರ್ಮ್‌ನ ಪ್ರತಿ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳಲೇಬೇಕು. ಐದು ವರ್ಷಕ್ಕೊಮ್ಮೆ, ಹತ್ತು ವರ್ಷಕ್ಕೊಮ್ಮೆ ಮಾಡುತ್ತಿದ್ದ ತನಿಖೆಯ ಜಾಗಕ್ಕೆ ಈಗ ನಿರಂತರ ಪರಿಶೀಲನೆ ಬಂದಿದೆ, ಆದರೂ ಫಾರ್ಮ್ ಮತ್ತೆ ತುಂಬುವ ದಿನ ಬರುತ್ತದೆ. ಹಿಂದಿನ ಸಲ ಅಮ್ಮನ ಹುಟ್ಟಿದ ದಿನ ಜೂನ್ 1 ಅಂತ ಬರೆದು, ಈ ಸಲ ಗೌರಿ ಹಬ್ಬದ ತಾರೀಖು ಹುಡುಕಿ ಬರೆದರೆ, ಯಾಕೆ ಬದಲಾಯಿತು ಅಂತ ಅದಕ್ಕೂ ಒಂದು ಪ್ರಶ್ನೆ ಕೇಳುತ್ತಾರೆ.